ಮಲಗಿದ ಕಂಪ್ಯೂಟರಿಗೂ ಕರೆಂಟು ಬೇಕು

ಕೇಳುಗರಿಗೆ ನಮಸ್ಕಾರ.

ಏಪ್ರಿಲ್ ತಿಂಗಳ ಮಳೆ ಹೇಳಿ ಕೇಳಿ ಬರುವುದಿಲ್ಲ. ಕೆಲವು ವರ್ಷಗಳ ಹಿಂದೆ ಅಂಥದೊಂದು ಸಂಜೆ ಅಜ್ಜನ ಹಳೆಯ ಪತ್ರಗಳನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡುತ್ತಿದ್ದೆ. ಊಟಕ್ಕೆ ಏಳುವಾಗ ಸ್ಲೀಪ್ ಒತ್ತಿದೆ. ಗುಡುಗು ಶುರುವಾಯಿತು. ಅಮ್ಮ ಎಂದಿನಂತೆ ಟಿವಿಯ ಪ್ಲಗ್ ಕಿತ್ತರು, ಪರದೆ ಕಪ್ಪಾಗಿದ್ದ ಕಂಪ್ಯೂಟರಿನದನ್ನೂ ಕಿತ್ತರು. ಬೆಳಿಗ್ಗೆ ನೋಡಿದರೆ ಎಂಟು ಪುಟಗಳಲ್ಲಿ ಒಂದು ಸಾಲೂ ಉಳಿದಿರಲಿಲ್ಲ. ಆ ಕಡತಕ್ಕೆ ನಾನು ಇನ್ನೂ ಹೆಸರನ್ನೇ ಕೊಟ್ಟಿರಲಿಲ್ಲ.

ಅಮ್ಮ ಮಾಡಿದ್ದು ಸರಿ. ಸಿಡಿಲು ಹತ್ತಿರ ಬರುವ ಮೊದಲೇ ಪ್ಲಗ್ ಕೀಳಬೇಕು. ಸ್ಲೀಪ್ ಎಂದರೆ ಏನೆಂದು ತಿಳಿಯದೇ ಇದ್ದದ್ದು ನನಗೆ.

ಕಂಪ್ಯೂಟರಿನಲ್ಲಿ ನಾವು ಮಾಡುತ್ತಿರುವ ಕೆಲಸ ಇರುವುದು ರ್‍ಯಾಮ್ ಎಂಬ ನೆನಪಿನಲ್ಲಿ. ಅದರೊಳಗೆ ಕೋಟ್ಯಂತರ ಪುಟ್ಟ ಕೋಶಗಳಿವೆ. ಪ್ರತಿಯೊಂದೂ ಚೂರು ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತದೆ, ಆದರೆ ಒಡಕು ನೀರಿನ ಕೊಡದಂತೆ ಸೋರುತ್ತಲೂ ಇರುತ್ತದೆ. ಹಾಗಾಗಿ ಸಾಮಾನ್ಯವಾಗಿ 64 ಮಿಲಿಸೆಕೆಂಡಿನೊಳಗೆ ಪ್ರತಿ ಕೋಶವನ್ನೂ ಮತ್ತೆ ತುಂಬಬೇಕು. ಸೆಕೆಂಡಿಗೆ ಹದಿನೈದು ಸಲಕ್ಕೂ ಹೆಚ್ಚು! ನಾವು ಸ್ಲೀಪ್ ಒತ್ತಿದಾಗ ಪ್ರೊಸೆಸರ್, ಡಿಸ್ಕ್, ಫ್ಯಾನ್ ಎಲ್ಲವೂ ನಿಲ್ಲುತ್ತವೆ. ಈ ತುಂಬುವ ಕೆಲಸ ಮಾತ್ರ ನಿಲ್ಲುವುದಿಲ್ಲ. ಅದಕ್ಕೆಂದೇ, ಕರೆಂಟನ್ನು ಕಂಪ್ಯೂಟರಿಗೆ ಹೊಂದಿಸಿಕೊಡುವ ಪೆಟ್ಟಿಗೆಯಾದ ಎಸ್‌ಎಂಪಿಎಸ್‌ನಿಂದ 5 ವೋಲ್ಟಿನ ಸಣ್ಣದೊಂದು ಧಾರೆ ಸದಾ ಹರಿಯುತ್ತಿರುತ್ತದೆ. ಲ್ಯಾಪ್‌ಟಾಪಿಗೆ ಬ್ಯಾಟರಿಯ ಆಸರೆ ಇದೆ. ಡೆಸ್ಕ್‌ಟಾಪಿಗೆ ಗೋಡೆಯ ಸ್ವಿಚ್ಚೇ ಗತಿ. ಒಳಗೆ ನಾಣ್ಯದಂಥ ಬ್ಯಾಟರಿಯೊಂದು ಇದೆಯಲ್ಲ ಎನ್ನಬಹುದು. ಅದು ಗಡಿಯಾರವನ್ನು ನಡೆಸಲು ಸಾಕು, ರ್‍ಯಾಮನ್ನು ಕಾಯಲು ಸಾಲದು.

ಕರೆಂಟು ಹೋದರೆ ಧಾರೆ ಕಡಿಯುತ್ತದೆ, ಕೊಡಗಳು ಬರಿದಾಗುತ್ತವೆ. ಕರೆಂಟು ಮರಳಿದಾಗ ಯಂತ್ರ ತಾನಾಗಿ ಏಳಬೇಕೇ, ಗುಂಡಿ ಒತ್ತುವವರೆಗೆ ಸುಮ್ಮನಿರಬೇಕೇ ಎಂಬುದನ್ನು, ಯಂತ್ರವನ್ನು ಮೊದಲು ಎಬ್ಬಿಸುವ ತಂತ್ರಾಂಶವಾದ ಬಯಾಸ್‌ನ ಒಂದು ಆಯ್ಕೆ ನಿರ್ಧರಿಸುತ್ತದೆ. ಹೇಗೆ ಎದ್ದರೂ ಅದು ಹೊಸದಾಗಿ ಶುರುವಾದ ಯಂತ್ರ. ಡಿಸ್ಕಿನಲ್ಲಿ ಉಳಿಸಿದ ಕಡತಗಳು ಅಲ್ಲೇ ಇರುತ್ತವೆ. ಉಳಿಸದ ಬರಹ ಇರುವುದಿಲ್ಲ. ವರ್ಡ್‌ನಂಥ ತಂತ್ರಾಂಶ ಹತ್ತು ನಿಮಿಷಕ್ಕೊಮ್ಮೆ ತಾನೇ ಒಂದು ಪ್ರತಿ ತೆಗೆದಿಡುತ್ತದೆ, ಅಷ್ಟು ಸಿಕ್ಕರೆ ಭಾಗ್ಯ.

ಹೈಬರ್ನೇಟ್ ಹಾಗಲ್ಲ. ಅದು ನೆನಪನ್ನೆಲ್ಲ ಡಿಸ್ಕಿಗೆ ಬರೆದಿಟ್ಟು ಯಂತ್ರವನ್ನು ಪೂರ್ತಿ ಆರಿಸುತ್ತದೆ. ಆಮೇಲೆ ಪ್ಲಗ್ ಕಿತ್ತರೂ ಚಿಂತೆಯಿಲ್ಲ, ಏಳುವಾಗ ತುಸು ನಿಧಾನ ಅಷ್ಟೆ. ಇವೆರಡನ್ನೂ ಕೂಡಿಸಿದ ಹೈಬ್ರಿಡ್ ಸ್ಲೀಪ್ ಎಂಬುದು ವಿಂಡೋಸ್ ವಿಸ್ಟಾದ ಕಾಲದಿಂದ ಇದೆ, ಮತ್ತು ಅದನ್ನು ರೂಪಿಸಿದ್ದೇ ಮುಖ್ಯವಾಗಿ ಡೆಸ್ಕ್‌ಟಾಪುಗಳಿಗಾಗಿ. ಮೊದಲು ಡಿಸ್ಕಿಗೆ ಪ್ರತಿ ಬರೆದು, ಆಮೇಲೆ ಮಲಗುತ್ತದೆ. ಕರೆಂಟು ಇದ್ದರೆ ಕ್ಷಣದಲ್ಲಿ ಏಳುತ್ತದೆ, ಹೋದರೆ ಡಿಸ್ಕಿನ ಪ್ರತಿಯಿಂದ ಏಳುತ್ತದೆ. ಇಷ್ಟು ಒಳ್ಳೆಯ ಏರ್ಪಾಡನ್ನು ಅನೇಕರು ತಿಳಿಯದೇ ಕಳೆದುಕೊಳ್ಳುತ್ತಾರೆಂಬುದು ನನ್ನ ಸಂಕಟ. ಡಿಸ್ಕಿನಲ್ಲಿ ಜಾಗ ಸಾಲದೆಂದು ಹೈಬರ್ನೇಟ್ ಸೌಲಭ್ಯವನ್ನೇ ತೆಗೆದುಹಾಕಿದರೆ ಇದೂ ಅದರ ಜೊತೆಗೇ ಹೋಗುತ್ತದೆ.

ಮನೆಯಲ್ಲಿ ಇನ್ವರ್ಟರ್ ಇರುವವರಿಗೆ ಒಂದು ಮಾತು. ಹಲವು ಇನ್ವರ್ಟರುಗಳಲ್ಲಿ ಯುಪಿಎಸ್ ಮೋಡ್ ಎಂಬ ಸ್ವಿಚ್ ಇರುತ್ತದೆ. ಅದನ್ನು ಹಾಕದಿದ್ದರೆ ಕರೆಂಟಿನಿಂದ ಬ್ಯಾಟರಿಗೆ ಬದಲಾಗುವಾಗ ತುಸು ಹೆಚ್ಚು ಹೊತ್ತು ಹಿಡಿಯುತ್ತದೆ. ಫ್ಯಾನಿಗೆ ಅದು ಗೊತ್ತೇ ಆಗುವುದಿಲ್ಲ, ಕಂಪ್ಯೂಟರ್ ಆರಿ ಹೋಗಬಹುದು.

ನಿಮ್ಮ ಡೆಸ್ಕ್‌ಟಾಪಿನಲ್ಲಿ ಹೈಬ್ರಿಡ್ ಸ್ಲೀಪ್ ಇದೆಯೇ ಎಂದು ಇಂದೇ ನೋಡಿಕೊಳ್ಳಬಹುದು. ಎಲ್ಲ ಕಡತಗಳನ್ನೂ ಉಳಿಸಿ ಮುಚ್ಚಿ. ಖಾಲಿ ಪುಟವೊಂದರಲ್ಲಿ ನಿಮ್ಮ ಹೆಸರನ್ನು ಟೈಪ್ ಮಾಡಿ, ಉಳಿಸದೆ ಸ್ಲೀಪ್ ಒತ್ತಿ. ಫ್ಯಾನ್ ನಿಂತ ಮೇಲೆ ಒಂದೆರಡು ನಿಮಿಷ ಕಾದು ಗೋಡೆಯ ಸ್ವಿಚ್ ಆರಿಸಿ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿ, ಕಂಪ್ಯೂಟರನ್ನು ಎಬ್ಬಿಸಿ. ನಿಮ್ಮ ಹೆಸರು ಪರದೆಯ ಮೇಲೆ ಹಾಗೆಯೇ ಇದ್ದರೆ, ಹೈಬ್ರಿಡ್ ಸ್ಲೀಪ್ ಕೆಲಸ ಮಾಡುತ್ತಿದೆ. ಇಲ್ಲದಿದ್ದರೆ ಮುಂಗಾರಿಗೆ ಮೊದಲೇ ಪವರ್ ಆಪ್ಷನ್ಸ್ ತೆರೆದು ನೋಡಿ.

ನಮಸ್ಕಾರ.