ಅಂಕಲ್ ಆಫೀಸಿನ ಕೋ-ಆಪ್ ಬೇಡ

ನಮಸ್ಕಾರ. ಚಳಿಗಾಲದಲ್ಲಿ ಕೆನಡಾದ ಒಂಟಾರಿಯೋ ಪ್ರಾಂತ್ಯದ ನಮ್ಮ ಮಿಸ್ಸಿಸಾಗಾ, ಬ್ರಾಂಪ್ಟನ್ ಕಡೆ ಕನ್ನಡದ ಮನೆಗಳಲ್ಲಿ ಒಂದು ಜಗಳ ಗ್ಯಾರಂಟಿ. ಮುಂದಿನ ವರ್ಷಕ್ಕೆ ಯಾವ ಕೋರ್ಸ್ ಅಂತ ಮಕ್ಕಳು ಆರಿಸೋ ಸಮಯ ಅದು. ಹತ್ತನೇ ಕ್ಲಾಸಿನ ಹುಡುಗ "ನಾನು ಕೋ-ಆಪ್ ತಗೋತೀನಿ" ಅಂತಾನೆ. ಕೋ-ಆಪ್ ಅಂದ್ರೆ ಓದಿನ ಜೊತೆಗೇ ಹೊರಗೆ ಹೋಗಿ ಕೆಲಸ ಕಲಿಯೋ ಕೋರ್ಸ್. ಅಪ್ಪ ಟೀ ಲೋಟ ಕೆಳಗಿಟ್ಟು, "ಅದೆಲ್ಲ ಓದು ಹತ್ತದವರಿಗೆ ಕಣೋ" ಅಂತಾರೆ. ಇದೇ ಅಪ್ಪನ ಮುಂದೆ ವಾಟರ್‌ಲೂ ಯೂನಿವರ್ಸಿಟಿಯ ಕೋ-ಆಪ್ ಅಂತ ಹೇಳಿ ನೋಡಿ, ಕೈ ಮುಗೀತಾರೆ! ವಾಟರ್‌ಲೂ 1957ರಲ್ಲಿ ಶುರುವಾದಾಗಿಂದ ಮಾಡ್ತಿರೋದೂ ಇದನ್ನೇ: ಸ್ವಲ್ಪ ದಿನ ಪಾಠ, ಸ್ವಲ್ಪ ದಿನ ಹೊರಗೆ ಕೆಲಸ. ಇಪ್ಪತ್ತು ವರ್ಷಕ್ಕೆ ಮಾಡಿದ್ರೆ ಹೆಮ್ಮೆ, ಹದಿನಾರಕ್ಕೆ ಮಾಡಿದ್ರೆ ಅವಮಾನ.

ನಾನು ಹೇಳ್ತಿರೋದು ಇಲ್ಲಿನ ಕ್ಯಾಥೊಲಿಕ್ ಹೈಸ್ಕೂಲುಗಳ ಮಾತು, ಹಾಗಾಗಿ ಊರಿನಿಂದ ಕೇಳ್ತಿರೋರಿಗೆ ಸ್ವಲ್ಪ ಹಿನ್ನೆಲೆ ಹೇಳಿಬಿಡ್ತೀನಿ. ಒಂಟಾರಿಯೋದಲ್ಲಿ ಕ್ಯಾಥೊಲಿಕ್ ಶಾಲೆ ಅಂದ್ರೆ ನಮ್ಮಲ್ಲಿಯ ಹಾಗೆ ಡೊನೇಷನ್, ಫೀಸು ಕಟ್ಟೋ ಕಾನ್ವೆಂಟ್ ಅಲ್ಲ. ನಡೆಯೋದು ಸರ್ಕಾರದ ದುಡ್ಡಿನಲ್ಲಿ. 1867ರಲ್ಲಿ ಕೆನಡಾ ಹುಟ್ಟುವಾಗಲೇ ಸಂವಿಧಾನದಲ್ಲಿ ಇದಕ್ಕೊಂದು ರಕ್ಷಣೆ ಬರೆದಿಟ್ಟರು. 1984ರಲ್ಲಿ ಪ್ರೀಮಿಯರ್, ಅಂದ್ರೆ ಪ್ರಾಂತ್ಯದ ಮುಖ್ಯಮಂತ್ರಿ, ಬಿಲ್ ಡೇವಿಸ್, ಹತ್ತನೇ ಕ್ಲಾಸಿನ ಮೇಲಿನ ತರಗತಿಗಳಿಗೂ ಪೂರ್ತಿ ಹಣ ಕೊಡ್ತೀವಿ ಅಂತ ಘೋಷಿಸಿದರು. ಹೈಸ್ಕೂಲಿಗೆ ಬೇರೆ ಧರ್ಮದ ಮಕ್ಕಳೂ ಸೇರಬಹುದು. ಹಾಗಾಗಿ ಇಲ್ಲಿನ ಕ್ಯಾಥೊಲಿಕ್ ಹೈಸ್ಕೂಲಿನ ಒಂದೇ ಬೆಂಚಲ್ಲಿ ಮಂಗಳೂರು ಕಡೆಯ ಡಿಸೋಜಾ ಹುಡುಗಿ, ಪಟಿಯಾಲಾದ ಸರ್ದಾರ್ ಹುಡುಗ, ದಾವಣಗೆರೆ ಮೂಲದ ನಮ್ಮ ಹುಡುಗ, ಮೂವರೂ ಕೂತಿರೋದು ವಿಶೇಷವೇನಲ್ಲ.

ಕೋ-ಆಪ್ ಲೆಕ್ಕ ಹೀಗೆ. ಹೈಸ್ಕೂಲ್ ಡಿಪ್ಲೊಮಾಗೆ 30 ಕ್ರೆಡಿಟ್ ಬೇಕು. ಒಂದು ಕ್ರೆಡಿಟ್ ಅಂದ್ರೆ 110 ಗಂಟೆ. ಸಾಮಾನ್ಯವಾಗಿ ಮಕ್ಕಳು ಎರಡು ಕ್ರೆಡಿಟ್ಟಿನ ಕೋ-ಆಪ್ ತಗೋತಾರೆ, ಅಂದ್ರೆ ಒಂದು ಸೆಮಿಸ್ಟರ್ ಪೂರ್ತಿ ಅರ್ಧ ದಿನ ಕ್ಲಾಸು, ಅರ್ಧ ದಿನ ಆಸ್ಪತ್ರೆಯೋ ಗ್ಯಾರೇಜೋ ಆಫೀಸೋ. ಹೋಗೋ ಮುಂಚೆ ಸುರಕ್ಷತೆ ಪಾಠ, ರೆಸ್ಯೂಮೆ, ಇಂಟರ್‌ವ್ಯೂ ತಯಾರಿ ಇರುತ್ತೆ. ಒಂದು ಒಪ್ಪಂದ ಪತ್ರಕ್ಕೆ ಹುಡುಗ, ಅಪ್ಪ-ಅಮ್ಮ, ಮಾಲೀಕ, ಶಾಲೆ ಎಲ್ಲರ ಸಹಿ ಬೀಳುತ್ತೆ. ಕೆಲಸದಲ್ಲಿ ಪೆಟ್ಟಾದ್ರೆ ಪ್ರಾಂತ್ಯದ ವಿಮೆ ಇದೆ. ಸಂಬಳ ಇಲ್ಲದ ಕೋ-ಆಪ್ ಹುಡುಗನೂ ಸುರಕ್ಷತಾ ಕಾನೂನಿನ ಕಣ್ಣಿಗೆ ಕಾರ್ಮಿಕನೇ ಅಂತ 2014ರಲ್ಲಿ ತಿದ್ದುಪಡಿ ಆಯ್ತು. ಅಷ್ಟು ತಡವಾಗಿ ಯಾಕೆ ಅಂತ ಕೇಳಬೇಡಿ. ಕಾನೂನು ಮಾಡೋರ ಮಕ್ಕಳು ಯಾವತ್ತೂ ಫೋರ್ಕ್‌ಲಿಫ್ಟ್ ಪಕ್ಕ ನಿಂತಿರಲಿಲ್ಲವೇನೋ.

ಈಗ ನನ್ನ ತಕರಾರಿಗೆ ಬರ್ತೀನಿ. ಜಗಳ ಎಲ್ಲ ಮುಗಿದು ಅಪ್ಪ ಒಪ್ಪಿದ್ರು ಅಂತಿಟ್ಕೊಳ್ಳಿ. ಮುಂದೇನು? "ಜಾಗ ನಾನು ನೋಡ್ತೀನಿ ಬಿಡು" ಅಂತ ಫೋನ್ ಎತ್ಕೋತಾರೆ. ಸಂಘದಲ್ಲಿ ಪರಿಚಯದ ಡೆಂಟಿಸ್ಟ್ ಅಂಕಲ್ ಇದಾರೆ, ಅಕೌಂಟೆಂಟ್ ಅಂಕಲ್ ಇದಾರೆ. ಅಪ್ಪನ ಕೈಕೆಳಗೇ ಹಾಕೋದಕ್ಕೆ ಶಾಲೆಯವರು ಸಾಮಾನ್ಯವಾಗಿ ಒಪ್ಪಲ್ಲ, ಆದ್ರೆ ಅಪ್ಪನ ಸ್ನೇಹಿತರಾದ್ರೆ ಯಾರು ತಡೀತಾರೆ? ಇಂಥ ಮನೆಯ ಹುಡುಗಿ ಅಲ್ಲಿ ರಿಸೆಪ್ಷನ್ ಹಿಂದಿನ ಕುರ್ಚಿಯಲ್ಲಿ ಕೂತು ಫೈಲಿಗೆ ಸ್ಟಿಕ್ಕರ್ ಅಂಟಿಸ್ತಾಳೆ. ಹತ್ತು ನಿಮಿಷ ತಡವಾಗಿ ಬಂದ್ರೆ "ಪರವಾಗಿಲ್ಲಮ್ಮ". ಕೊನೆಗೆ ಮೌಲ್ಯಮಾಪನದ ಫಾರಂ ಬಂದಾಗ ಅಂಕಲ್ ಎಲ್ಲ ಸಾಲಿಗೂ ಎಕ್ಸಲೆಂಟ್ ಅಂತ ಟಿಕ್ ಮಾಡ್ತಾರೆ. ಸ್ನೇಹಿತನ ಮಗಳು, ಇನ್ನೇನು ಮಾಡ್ತಾರೆ ಪಾಪ.

ನನಗೆ ಗೊತ್ತಿರೋ ಇನ್ನೊಬ್ಬ ಹುಡುಗನ ಕಥೆ ಬೇರೆ. ಅವನ ಮನೆಯವರು ಈ ದೇಶಕ್ಕೆ ಬಂದು ಸ್ವಲ್ಪ ದಿನ ಆಗಿತ್ತು ಅಷ್ಟೇ, ಯಾವ ಅಂಕಲ್ಲೂ ಇರಲಿಲ್ಲ. ಕೋ-ಆಪ್ ಟೀಚರ್ ಒಂದು ಸಣ್ಣ ಗ್ಯಾರೇಜ್ ಹುಡುಕಿಕೊಟ್ರು. ಮಧ್ಯಾಹ್ನ ಯೂನಿಫಾರ್ಮ್ ಕಳಚಿ, ಕವರಾಲ್ ಮತ್ತೆ ಸೇಫ್ಟಿ ಶೂ ಹಾಕ್ಕೊಂಡು ಮೊದಲು ಮಾಡಿದ್ದು ಕಸ ಗುಡಿಸೋದು. ಮನೇಲಿ ಅಮ್ಮ ಅತ್ತರು. ನವೆಂಬರ್ ಬಂತು. ಇಲ್ಲಿರೋರಿಗೆ ಗೊತ್ತು, ಮೊದಲ ಹಿಮದ ಸುದ್ದಿ ಬಂದಿದ್ದೇ ತಡ, ಊರಿಗೆ ಊರೇ ಚಳಿಗಾಲದ ಟೈರ್ ಹಾಕಿಸೋಕೆ ಗ್ಯಾರೇಜ್ ಮುಂದೆ ಸಾಲು ನಿಲ್ಲುತ್ತೆ. ಮೆಕ್ಯಾನಿಕ್ ಇವನನ್ನ ಕರೆದು ತೋರಿಸಿದ: ಚಕ್ರದ ನಟ್‌ಗಳನ್ನ ಒಂದರ ಪಕ್ಕ ಒಂದು ಅಂತ ಸುತ್ತಲೂ ಬಿಗೀಬಾರದು, ಎದುರುಬದುರು ಬಿಗೀಬೇಕು, ಇಲ್ಲಾಂದ್ರೆ ಚಕ್ರ ಓರೆಯಾಗಿ ಕೂರುತ್ತೆ. ಕಾರು ಕೆಳಗಿಳಿಸಿದ ಮೇಲೆ ಟಾರ್ಕ್ ವ್ರೆಂಚಲ್ಲಿ ಕಡೇ ಬಿಗಿ, ಅದು ಟಕ್ ಅಂದ ಕೂಡಲೇ ಕೈ ಬಿಡಬೇಕು. ಆಮೇಲೆ ಗಿರಾಕಿ ಹತ್ರ ಹೋಗಿ, "ನೂರು ಕಿಲೋಮೀಟರ್ ಓಡಿಸಿ ವಾಪಸ್ ಬನ್ನಿ, ಬಿಗಿ ಮತ್ತೊಂದು ಸಲ ನೋಡ್ತೀವಿ" ಅಂತ ಹೇಳಬೇಕು. ಟೈರಿಗಿಂತ ಈ ಮಾತೇ ಅವನಿಗೆ ಕಷ್ಟ ಆಗಿದ್ದು. ಕ್ಲಾಸಲ್ಲಿ ಕೈ ಎತ್ತದ ಹುಡುಗ ಅವನು. ಈಗ ಗುರುತಿಲ್ಲದ ದೊಡ್ಡವರ ಮುಖ ನೋಡಿ ಇಂಗ್ಲಿಷಲ್ಲಿ ಹೇಳಬೇಕು. ಅವನು ತಪ್ಪಿದ್ರೆ ಹೆದ್ದಾರಿಯಲ್ಲಿ ಯಾರದೋ ಚಕ್ರ ಕಳಚುತ್ತೆ. ಅಂಕಲ್ ಕ್ಲಿನಿಕ್ಕಲ್ಲಿ ಇಂಥ ಜವಾಬ್ದಾರಿ ಯಾರು ಕೊಡ್ತಾರೆ ಹೇಳಿ?

ಅದಕ್ಕೇ ಹೇಳ್ತೀನಿ, ಜಾಗ ಹುಡುಕೋದು ಶಾಲೆಯ ಕೆಲಸ ಆಗಬೇಕು, ಅಪ್ಪಂದಿರ ಫೋನ್ ಬುಕ್ಕಿನ ಕೆಲಸ ಅಲ್ಲ. ಅದರಲ್ಲೂ ಕ್ಯಾಥೊಲಿಕ್ ಶಾಲೆಗಳು ಇದನ್ನ ಬೇರೆಯವರಿಗಿಂತ ಗಟ್ಟಿಯಾಗಿ ಹಿಡೀಬೇಕು. ಯಾಕಂದ್ರೆ ದುಡಿಮೆಯ ಘನತೆ ಅನ್ನೋದು ಅವರದೇ ಪಾಠ. 1891ರಲ್ಲಿ ಪೋಪ್ ಹದಿಮೂರನೇ ಲಿಯೋ ಕಾರ್ಮಿಕರ ನ್ಯಾಯವಾದ ಕೂಲಿ ಬಗ್ಗೆ ಬರೆದರು. 1981ರಲ್ಲಿ ಎರಡನೇ ಜಾನ್ ಪಾಲ್, ಕೆಲಸ ಇರೋದು ಮನುಷ್ಯನಿಗೋಸ್ಕರ, ಮನುಷ್ಯ ಇರೋದು ಕೆಲಸಕ್ಕೋಸ್ಕರ ಅಲ್ಲ ಅಂದರು. 2025ರಲ್ಲಿ ಬಂದ ಹೊಸ ಪೋಪ್ ಲಿಯೋ ಅನ್ನೋ ಹೆಸರು ಇಟ್ಕೊಂಡಿದ್ದೂ ಆ ಹಳೇ ಲಿಯೋ ನೆನಪಿಗೇ. ಧರ್ಮದ ಕ್ಲಾಸಲ್ಲಿ ಇದನ್ನೆಲ್ಲ ಓದಿಸಿ, ಆಮೇಲೆ ಪ್ಲೇಸ್‌ಮೆಂಟ್ ಮಾತ್ರ ಪರಿಚಯ ಇದ್ದವರಿಗೆ ಒಳ್ಳೇದು, ಇಲ್ಲದವರಿಗೆ ಉಳಿದಿದ್ದು ಅಂದ್ರೆ, ಮಕ್ಕಳು ಯಾವ ಪಾಠ ನೆನಪಿಟ್ಕೋತಾರೆ?

ಧರ್ಮದ ಕ್ಲಾಸ್ ಅಂದೆ. ಅಪ್ಪಂದಿರ ವಾದದಲ್ಲಿ ಹುರುಳಿರೋ ಒಂದು ಅಂಶ ಇಲ್ಲೇ ಇದೆ. ಯೂನಿವರ್ಸಿಟಿಗೆ ಹನ್ನೆರಡನೇ ಕ್ಲಾಸಿನ ಆರು ಕೋರ್ಸಿನ ಅಂಕ ನೋಡ್ತಾರೆ. ಕೋ-ಆಪ್ ಆ ಆರರಲ್ಲಿ ಬರಲ್ಲ. ಅದರ ಮೇಲೆ ಕ್ಯಾಥೊಲಿಕ್ ಶಾಲೆಯಲ್ಲಿ ವರ್ಷಕ್ಕೊಂದು ಧರ್ಮದ ಕೋರ್ಸ್ ಇರುತ್ತೆ. ಟೈಮ್‌ಟೇಬಲಲ್ಲಿ ಖಾಲಿ ಜಾಗವೇ ಕಮ್ಮಿ. ಕ್ಯಾಥೊಲಿಕ್ ಅಲ್ಲದವರು ಬರೆದುಕೊಟ್ಟು ವಿನಾಯಿತಿ ಕೇಳಬಹುದು. ನಮ್ಮವರಲ್ಲಿ ಹಾಗೆ ಕೇಳಿದವರನ್ನ ನಾನು ಹೆಚ್ಚು ಕಂಡಿಲ್ಲ. ಸುಲಭದ ದಾರಿ ಅಂದ್ರೆ ಹನ್ನೊಂದನೇ ಕ್ಲಾಸಲ್ಲೇ ಕೋ-ಆಪ್ ಮುಗಿಸೋದು, ಅಥವಾ ಬೇಸಿಗೆ ರಜೆಯಲ್ಲಿ ಮಾಡೋದು. ಜುಲೈಯಲ್ಲಿ ಊರಿಗೆ ಹೋಗೋ ಟಿಕೆಟ್ ಬುಕ್ ಆಗಿರುತ್ತೆ ಅಂತೀರಿ, ಗೊತ್ತು.

ಸಂಬಳದ ವಿಷಯಕ್ಕೆ ಬರೋಣ. ಇಲ್ಲಿ ಬಹುಪಾಲು ಕೋ-ಆಪ್ ಪುಕ್ಕಟೆ ದುಡಿಮೆ. ಅಮೆರಿಕದಲ್ಲಿ ಜೆಸ್ವಿಟ್ ಪಾದ್ರಿಗಳು 1996ರಲ್ಲಿ ಶಿಕಾಗೋದಲ್ಲಿ ಕ್ರಿಸ್ಟೋ ರೇ ಅನ್ನೋ ಹೈಸ್ಕೂಲ್ ತೆರೆದರು. ಅಲ್ಲಿ ನಾಲ್ಕು ಮಕ್ಕಳು ಸೇರಿ ಒಂದು ಆಫೀಸಿನ ಒಂದು ಕೆಲಸ ಹಂಚಿಕೊಳ್ತಾರೆ, ಸಂಬಳ ಅವರ ಫೀಸಿಗೆ ಹೋಗುತ್ತೆ. ಬಡ ವಲಸಿಗರ ಮಕ್ಕಳಿಗೆ ಖಾಸಗಿ ಶಾಲೆ ಸಿಕ್ಕಿದ್ದೇ ಹಾಗೆ. ಒಂಟಾರಿಯೋದಲ್ಲಿ ಫೀಸೇ ಇಲ್ಲ, ಆದ್ದರಿಂದ ಆ ಲೆಕ್ಕ ಇಲ್ಲಿಗೆ ಹೊಂದಲ್ಲ. ಆದ್ರೂ ಸೆಪ್ಟೆಂಬರಲ್ಲಿ ಗುಡಿಸೋ ಹುಡುಗ ಡಿಸೆಂಬರ್ ಹೊತ್ತಿಗೆ ಒಬ್ಬನೇ ನಾಲ್ಕು ಚಕ್ರ ಬದಲಾಯಿಸ್ತಾನೆ ಅಂದ್ರೆ ಅವನು ಕಲಿಯೋನು ಅಷ್ಟೇ ಅಲ್ಲ, ದುಡಿಯೋನೂ ಹೌದು. ಮಾಲೀಕ ಕೊಡೋದಾದ್ರೆ ಕೊಡಬಹುದು, ನಿಯಮ ತಡೆಯಲ್ಲ. ಕೇಳೋದು ಯಾರು? ಹದಿನಾರರ ಹುಡುಗ ಕೇಳಲ್ಲ. ಶಾಲೆಯೇ ಕೇಳಬೇಕು.

ಈ ಪ್ರಶ್ನೆ ಈಗ ಇನ್ನೂ ದೊಡ್ಡದಾಗ್ತಿದೆ. ಅಪ್ರೆಂಟಿಸ್ ಆಗೋ ಆಸೆ ಇರೋ ಹನ್ನೊಂದು-ಹನ್ನೆರಡನೇ ಕ್ಲಾಸಿನ ಮಕ್ಕಳು ಶೇಕಡಾ 80ರವರೆಗೂ ಕೋರ್ಸುಗಳನ್ನ ಕೋ-ಆಪ್ ರೂಪದಲ್ಲೇ ಮುಗಿಸಬಹುದು ಅಂತ ಒಂಟಾರಿಯೋ ಸರ್ಕಾರ 2024ರಲ್ಲಿ ಹೇಳ್ತು. ಎಲೆಕ್ಟ್ರಿಷಿಯನ್, ಪ್ಲಂಬರ್ ಸಿಗದೆ ಪ್ರಾಂತ್ಯ ಪರದಾಡ್ತಿದೆ, ಕಾರಣ ಅರ್ಥ ಆಗುತ್ತೆ. ಒಳ್ಳೆ ಗುರು ಸಿಕ್ಕಿದ್ರೆ ಇದು ಭಾಗ್ಯ. ಸಿಗದಿದ್ರೆ ಎರಡು ವರ್ಷ ಪೊರಕೆ.

ಈ ಸಲ ಪೇರೆಂಟ್ಸ್ ನೈಟ್‌ಗೆ ಹೋದಾಗ ಗಣಿತದ ಟೀಚರ್ ಮುಂದಿನ ಸಾಲು ಬಿಟ್ಟು ಕೋ-ಆಪ್ ಟೀಚರ್ ಮೇಜಿಗೆ ಹೋಗಿ. ಅಲ್ಲಿ ಸಾಮಾನ್ಯವಾಗಿ ಸಾಲೇ ಇರಲ್ಲ. ಪರಿಚಯ ಇಲ್ಲದ ಮಕ್ಕಳಿಗೆ ಕಳೆದ ವರ್ಷ ಎಲ್ಲೆಲ್ಲಿ ಜಾಗ ಕೊಡಿಸಿದ್ರಿ ಅಂತ ಕೇಳಿ. ಕೆಲಸದ ಜಾಗಕ್ಕೆ ನೀವೇ ಎಷ್ಟು ಸಲ ಹೋಗಿ ನೋಡ್ತೀರಿ ಅಂತ ಕೇಳಿ. ಮಧ್ಯಾಹ್ನದ ಬಸ್ ಚಾರ್ಜು ಯಾರು ಕೊಡ್ತಾರೆ ಅಂತಲೂ ಕೇಳಿ, ಯಾಕಂದ್ರೆ ಎಷ್ಟೋ ಮಕ್ಕಳು ಒಳ್ಳೆ ಜಾಗ ಬಿಟ್ಟು ನಡೆದು ಹೋಗೋವಷ್ಟು ಹತ್ತಿರದ ಅಂಗಡಿ ಆರಿಸೋದು ಅದಕ್ಕೇ.