ಲಾಠಿ ಬೀಸಿದ ಮೇಲೆ ಆಳುವವರು ಕಳೆದುಕೊಳ್ಳುವುದೇನು?

ಎಲ್ಲರಿಗೂ ನಮಸ್ಕಾರ.

ಈ ವಿಷಯವನ್ನು ಗೌರಿಬಿದನೂರಿನಲ್ಲಿ ಮಾತಾಡಲು ದೂರದ ಉದಾಹರಣೆ ಬೇಕಿಲ್ಲ. ಇಲ್ಲೇ ಪಕ್ಕದಲ್ಲಿ ವಿದುರಾಶ್ವತ್ಥ ಇದೆ. 1938ರ ಏಪ್ರಿಲ್ 25ರಂದು ಅಲ್ಲಿ ಜಾತ್ರೆಗೆ ಬಂದವರು, ಕಾಂಗ್ರೆಸ್ ಬಾವುಟ ಹಾರಿಸುವ ಧ್ವಜ ಸತ್ಯಾಗ್ರಹಕ್ಕೆ ಬಂದವರು ಎಲ್ಲ ಕಲೆತುಹೋಗಿದ್ದರು. ನಿಷೇಧಾಜ್ಞೆ ಜಾರಿಯಲ್ಲಿತ್ತು. ಪೊಲೀಸರು ಗುಂಡು ಹಾರಿಸಿದರು. ಸತ್ತವರು 10 ಎಂದು ಸರ್ಕಾರ ಹೇಳಿತು, ಜನರ ಲೆಕ್ಕ 30 ದಾಟಿತು.

ಆಗಿನ ಮೈಸೂರು ಸಂಸ್ಥಾನದ ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ದಡ್ಡರೇನಲ್ಲ, ದಕ್ಷ ಆಡಳಿತಗಾರರೆಂದು ದೇಶವೇ ಮೆಚ್ಚಿದವರು. ಆದರೂ ಮುಂದಿನ ತಿಂಗಳಲ್ಲೇ ಸರ್ದಾರ್ ಪಟೇಲ್, ಆಚಾರ್ಯ ಕೃಪಲಾನಿ ಬೆಂಗಳೂರಿಗೆ ಬಂದು ಮಾತುಕತೆ ನಡೆಸಿದಾಗ ಮೈಸೂರು ಕಾಂಗ್ರೆಸ್ಸಿಗೆ ಮಾನ್ಯತೆ ಕೊಡಬೇಕಾಯಿತು, ಮೈಸೂರು ಧ್ವಜದ ಜೊತೆಗೆ ಕಾಂಗ್ರೆಸ್ ಬಾವುಟಕ್ಕೂ ಜಾಗ ಬಿಡಬೇಕಾಯಿತು. ಏಪ್ರಿಲ್‌ನಲ್ಲಿ ಬಂದೂಕಿನಿಂದ ತಡೆದದ್ದನ್ನು ಮೇ ತಿಂಗಳಲ್ಲಿ ಮೇಜಿನ ಮುಂದೆ ಕೂತು ಒಪ್ಪಿದರು. ಮೊದಲೇ ಒಪ್ಪಿದ್ದರೆ ಅದು ಔದಾರ್ಯ ಎನಿಸಿಕೊಳ್ಳುತ್ತಿತ್ತು.

ಸತ್ತವರ ಆ ಎರಡು ಲೆಕ್ಕಗಳನ್ನು ಗಮನಿಸಿ. ಗುಂಡಿನ ಮರುದಿನ ಸರ್ಕಾರದ ಮೊದಲ ನಷ್ಟ ಇದೇ: ಅದರ ಅಂಕಿಯನ್ನು ಯಾರೂ ನಂಬುವುದಿಲ್ಲ. ಸತ್ತವರ ಲೆಕ್ಕ ನಂಬದವರು ಮಳೆ ಹಾನಿಯ ಲೆಕ್ಕವನ್ನೂ ನಂಬುವುದಿಲ್ಲ, ನಾಳೆ ಬರುವ ಯೋಜನೆಯ ಭರವಸೆಯನ್ನೂ ನಂಬುವುದಿಲ್ಲ. ಅಧಿಕಾರಕ್ಕೆ ಮಾನ್ಯತೆ ಇದ್ದಾಗ ನೂರು ಜನರನ್ನು ಒಬ್ಬ ಕಾನ್‌ಸ್ಟೇಬಲ್ ಕೈ ಅಡ್ಡ ಹಿಡಿದು ನಿಲ್ಲಿಸುತ್ತಾನೆ. ಮಾನ್ಯತೆ ಹೋದ ಮೇಲೆ ಅದೇ ನೂರು ಜನಕ್ಕೆ ಎರಡು ವ್ಯಾನ್ ಕೆಎಸ್‌ಆರ್‌ಪಿ ತುಕಡಿ ಬೇಕಾಗುತ್ತದೆ.

ಈಗ ಒಂದು ಸರ್ಕಲ್ಲಿಗೆ ಬರೋಣ. ಅಲ್ಲಿ ಐನೂರು ಜನ ಕೂತಿದ್ದಾರೆ ಅಂದುಕೊಳ್ಳಿ. ಮುಂದಿನ ಸಾಲಿನವರು ಹಟ ಹಿಡಿದವರು. ಮಧ್ಯದವರು ಬೇಡಿಕೆಗೆ ಒಪ್ಪುತ್ತಾರೆ, ಗಲಾಟೆಗೆ ಒಪ್ಪುವುದಿಲ್ಲ. ಅಂಚಿನಲ್ಲಿ ಟೀ ಅಂಗಡಿಯವರು, ಬಸ್ಸಿಗೆ ಕಾದವರು. ಗುಂಪಿಗೆ ಒಂದೇ ಬುದ್ಧಿ, ಅದೂ ಮೃಗಬುದ್ಧಿ ಎಂದು ಫ್ರಾನ್ಸಿನ ಗುಸ್ತಾವ್ ಲೆಬಾನ್ 1895ರಲ್ಲಿ ಬರೆದ. ನಮ್ಮ ಬಂದೋಬಸ್ತ್ ಇವತ್ತಿಗೂ ಅದೇ ನಂಬಿಕೆಯ ಮೇಲೆ ನಡೆಯುವ ಹಾಗೆ ಕಾಣುತ್ತದೆ. ಸ್ಟೀಫನ್ ರೈಚರ್, ಕ್ಲಿಫರ್ಡ್ ಸ್ಟಾಟ್ ಮುಂತಾದ ಸಂಶೋಧಕರು ಕಂಡುಕೊಂಡದ್ದು ಬೇರೆ: ಪೊಲೀಸರು ಎಲ್ಲರನ್ನೂ ಒಂದೇ ಎಂದು ಹೊಡೆದಾಗ, ಅಲ್ಲಿಯವರೆಗೆ ಬೇರೆ ಬೇರೆ ಇದ್ದವರು ನಿಜಕ್ಕೂ ಒಂದಾಗುತ್ತಾರೆ. ಟೀ ಅಂಗಡಿಯವನು ಪ್ರತಿಭಟನಾಕಾರನಾಗುವುದು ಅವನ ಬೆನ್ನಿಗೆ ಏಟು ಬಿದ್ದ ಕ್ಷಣದಲ್ಲಿ.

ಕಾನೂನು ಹೇಳುವ ಕ್ರಮ ಸರಳವಾಗಿದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 148ನೇ ಸೆಕ್ಷನ್, ಅಂದರೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 129, ಮೊದಲು ಚದುರಿ ಎಂದು ಆಜ್ಞೆ ಕೊಡಬೇಕು ಎನ್ನುತ್ತದೆ. ಆಜ್ಞೆ ಕೊಡುವವರು ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟ್, ಠಾಣಾಧಿಕಾರಿ, ಅಥವಾ ಅವರಿಲ್ಲದಾಗ ಕನಿಷ್ಠ ಸಬ್ ಇನ್‌ಸ್ಪೆಕ್ಟರ್ ದರ್ಜೆಯವರು. ಜನ ಚದುರದಿದ್ದರೆ ಮಾತ್ರ ಬಲಪ್ರಯೋಗ. ಕೆಡುವುದು ಈ ಎರಡರ ನಡುವೆ. ತಮಟೆ, ಘೋಷಣೆಗಳ ನಡುವೆ ಕೈಮೈಕಿನ ದನಿ ಮೂರನೇ ಸಾಲಿಗೂ ಮುಟ್ಟುವುದಿಲ್ಲ. ಬಾಗೇಪಲ್ಲಿ, ಗೌರಿಬಿದನೂರು ಕಡೆಯ ವಯಸ್ಸಾದ ರೈತರಿಗೆ ತೆಲುಗಿನಲ್ಲೂ ಹೇಳಬೇಕು; ಕಚೇರಿ ಕನ್ನಡದಲ್ಲಿ ಓದಿದ ಎಚ್ಚರಿಕೆ ಕಡತಕ್ಕೆ ಸಾಕಾಗಬಹುದು, ಕಿವಿಗೆ ಸಾಲದು. ಎಚ್ಚರಿಕೆ ಕೇಳಿಸಿದರೂ ಹೋಗುವುದೆಲ್ಲಿಗೆ? ಮುಂದೆ ಬ್ಯಾರಿಕೇಡ್, ಹಿಂದೆ ವ್ಯಾನ್. ಹಿಂದಿನವರು ನೂಕುತ್ತಾರೆ, ಮುಂದಿನವರು ಪೊಲೀಸರ ಮೇಲೆ ಬೀಳುತ್ತಾರೆ, ಅದು ವರದಿಯಲ್ಲಿ ‘ಪೊಲೀಸರ ಮೇಲೆ ಏರಿ ಬಂದರು’ ಎಂದಾಗುತ್ತದೆ. ಏಟು ಸೊಂಟದ ಕೆಳಗೆ ಎಂಬ ನಿಯಮ ಓಡುವವನ ಮುಂದೆ ನಿಲ್ಲುವುದಿಲ್ಲ. ಬಗ್ಗಿದವನ ತಲೆಗೇ ಬೀಳುತ್ತದೆ. ಅಶ್ರುವಾಯು ಶೆಲ್ಲನ್ನು ಮೇಲ್ಮುಖವಾಗಿ, ಗಾಳಿಯ ದಿಕ್ಕು ನೋಡಿ ಹಾರಿಸಬೇಕು. ನೇರ ಹಾರಿಸಿದರೆ ಅದೂ ಗುಂಡೇ. ಬೆಳಗಿನ ಐದಕ್ಕೆ ಎದ್ದು ಬಿಸಿಲಲ್ಲಿ ನಿಂತ, ಊರು ಗೊತ್ತಿಲ್ಲದ, ನಾಮಫಲಕವಿಲ್ಲದ ಸಿಬ್ಬಂದಿಯ ಕೈಗೆ ಇದೆಲ್ಲವನ್ನೂ ಕೊಟ್ಟು ಮೇಲಧಿಕಾರಿ ಜೀಪಿನಲ್ಲಿ ಕೂತಿದ್ದರೆ ಉಳಿದದ್ದನ್ನು ನೀವೇ ಊಹಿಸಬಹುದು.

ಆಳುವವರ ಸ್ವಾರ್ಥದಿಂದಲೇ ಲೆಕ್ಕ ಹಾಕಿದರೂ ಇದು ದುಬಾರಿ. ಅಮೆರಿಕದ ಆಲ್ಬನಿಯಲ್ಲಿ 1961-62ರಲ್ಲಿ ಪೊಲೀಸ್ ಮುಖ್ಯಸ್ಥ ಲಾರಿ ಪ್ರಿಚೆಟ್ ಹೊಡೆಯದೆ, ಬಂಧಿಸಿದವರನ್ನು ಸುತ್ತಲ ಊರುಗಳ ಜೈಲುಗಳಿಗೆ ಹಂಚಿದ. ಕಪ್ಪುಜನರ ಸಮಾನ ಹಕ್ಕಿಗಾಗಿ ನಡೆದ ಮಾರ್ಟಿನ್ ಲೂಥರ್ ಕಿಂಗ್ ಚಳವಳಿ ಅಲ್ಲಿ ಬಹುಮಟ್ಟಿಗೆ ಬರಿಗೈಯಲ್ಲಿ ಮರಳಿತು. 1963ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಪೊಲೀಸರ ಹೊಣೆ ಹೊತ್ತಿದ್ದ ಬುಲ್ ಕಾನರ್ ಮಕ್ಕಳ ಮೇಲೆ ನಾಯಿ, ನೀರಿನ ಪೈಪು ಬಿಟ್ಟ; ಚಿತ್ರಗಳು ಜಗತ್ತನ್ನು ಸುತ್ತಿದವು, ಮುಂದಿನ ವರ್ಷ ನಾಗರಿಕ ಹಕ್ಕುಗಳ ಕಾಯ್ದೆ ಬಂತು. ಪ್ರಿಚೆಟ್‌ನನ್ನು ಹೊಗಳಲು ನನಗೆ ಮನಸ್ಸಿಲ್ಲ, ಅವನು ಕಾಯುತ್ತಿದ್ದದ್ದು ಅನ್ಯಾಯವನ್ನೇ. ಆದರೆ ಲೆಕ್ಕ ಅವನಿಗೆ ಗೊತ್ತಿತ್ತು.

ನಮ್ಮಲ್ಲಿ 1980ರ ಜುಲೈ 21ರಂದು ನರಗುಂದ, ನವಲಗುಂದದಲ್ಲಿ ನೀರಾವರಿ ಜಮೀನಿನ ಮೇಲಿನ ಅಭಿವೃದ್ಧಿ ಕರ ವಿರೋಧಿಸಿದ ಮಲಪ್ರಭಾ ರೈತರ ಮೇಲೆ ಗೋಲಿಬಾರ್ ಆಯಿತು. ರೈತಸಂಘ ರಾಜ್ಯವ್ಯಾಪಿಯಾಗಿ ಬೆಳೆದದ್ದು ಅದರ ನಂತರ. 1983ರ ಜನವರಿಯಲ್ಲಿ ಗುಂಡೂರಾವ್ ಸರ್ಕಾರ ಸೋತು, ರಾಜ್ಯದಲ್ಲಿ ಮೊದಲ ಬಾರಿಗೆ ಕಾಂಗ್ರೆಸ್ಸೇತರ ಸರ್ಕಾರ ಬಂತು. ಸೋಲಿಗೆ ಬೇರೆ ಕಾರಣಗಳೂ ಇದ್ದವು, ನಿಜ. ಸಿಟ್ಟು ಹೋಗಿ ಸೇರಲು ಇನ್ನೊಂದು ಮನೆಯೂ, ಅಂದರೆ ಮತ ಹಾಕಲು ಬೇರೆ ಪಕ್ಷವೂ ಇತ್ತು. ಅದಿಲ್ಲದ ಕಡೆ ಬಲಪ್ರಯೋಗ ಗೆಲ್ಲುತ್ತದೆ; 1989ರಲ್ಲಿ ತಿಯಾನನ್‌ಮೆನ್ ಚೌಕದ ಪ್ರತಿಭಟನೆಯನ್ನು ಸೈನ್ಯದಿಂದ ಹತ್ತಿಕ್ಕಿದ ಮೇಲೂ ಚೀನಾದ ಕಮ್ಯುನಿಸ್ಟ್ ಪಕ್ಷ ಉಳಿದುಕೊಂಡಿತು.

ಇನ್ನು ನಿಷೇಧಾಜ್ಞೆ. 2019ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಹೊರಡಿಸಿದ 144ನೇ ಸೆಕ್ಷನ್ ಆದೇಶವನ್ನು ಹೈಕೋರ್ಟ್ 2020ರ ಫೆಬ್ರುವರಿಯಲ್ಲಿ ಕಾನೂನುಬಾಹಿರ ಎಂದಿತು. ತೀರ್ಪು ಬರುವ ಹೊತ್ತಿಗೆ ಆದೇಶದ ಅವಧಿ ಮುಗಿದು ತಿಂಗಳು ಕಳೆದಿತ್ತು. ಈಗ ಅದು ಸುರಕ್ಷಾ ಸಂಹಿತೆಯ 163. ಸಂಖ್ಯೆ ಬದಲಾಗಿದೆ, ಕಾರಣ ಬರೆಯಬೇಕೆಂಬ ಹೊಣೆ ಹಾಗೇ ಇದೆ.

ಲಾಠಿಗಿಂತ ಹೆಚ್ಚು ಕಾಲ ಬಾಳುವುದು ಎಫ್‌ಐಆರ್. ಅದರಲ್ಲಿ ಹತ್ತು ಹೆಸರು, ಆಮೇಲೆ ‘ಮತ್ತು ಇತರರು’. ಈ ಇತರರು ಯಾರು ಬೇಕಾದರೂ ಆಗಬಹುದು. ಊರಿನ ಹುಡುಗರು ರಾತ್ರಿ ತೋಟದಲ್ಲಿ ಮಲಗತೊಡಗುವುದು ಈ ಎರಡು ಪದಗಳಿಂದ. ವರ್ಷಗಳಾದ ಮೇಲೆ ಸಂಪುಟ ಕೇಸು ಹಿಂಪಡೆಯುವ ತೀರ್ಮಾನ ಮಾಡುತ್ತದೆ. ಅದೂ ಅಲ್ಲಿಗೆ ಮುಗಿಯುವುದಿಲ್ಲ: ಅದೇ ಸಂಹಿತೆಯ 360ನೇ ಸೆಕ್ಷನ್ ಪ್ರಕಾರ ಸರ್ಕಾರಿ ವಕೀಲರು ಅರ್ಜಿ ಹಾಕಬೇಕು, ನ್ಯಾಯಾಲಯ ಒಪ್ಪಬೇಕು. ಹೆಸರಿದ್ದ ಮುಖಂಡರ ಕೇಸು ಬೆಂಗಳೂರಿನವರೆಗೆ ಓಡಾಡುವವರಿದ್ದರೆ ಬೇಗ ಮುಗಿಯುತ್ತದೆ. ಕೂಲಿ ಬಿಟ್ಟು ವಾಯಿದೆಗೆ ಬರುವವನ ಕೇಸು ಪಟ್ಟಿಯಲ್ಲಿ ಇದೆಯೋ ಇಲ್ಲವೋ ಎಂದು ಅವನು ತನ್ನ ವಕೀಲರನ್ನೇ ಕೇಳಿ ತಿಳಿಯಬೇಕು.