ಹಳೆಯ ಡಾಕ್ಟರ್ ಹೂ: ದಿನಕ್ಕೆ ಒಂದೇ ಕಂತು

ಎಲ್ಲರಿಗೂ ನಮಸ್ಕಾರ.

1963ರ ನವೆಂಬರ್ 23, ಶನಿವಾರ ಸಂಜೆ, ಬಿಬಿಸಿಯಲ್ಲಿ ‘ಡಾಕ್ಟರ್ ಹೂ’ ಧಾರಾವಾಹಿಯ ಮೊದಲ ಕಂತು ಪ್ರಸಾರವಾಯಿತು. ‘ಡಾಕ್ಟರ್’ ಎಂದಷ್ಟೇ ಕರೆಸಿಕೊಳ್ಳುವವನೊಬ್ಬ ಸಂಗಾತಿಗಳೊಡನೆ ಕಾಲದಲ್ಲೂ ಬಾಹ್ಯಾಕಾಶದಲ್ಲೂ ಅಲೆಯುವ ಕಥೆ ಇದು. ಅಮೆರಿಕದ ಅಧ್ಯಕ್ಷ ಕೆನಡಿಯವರ ಹತ್ಯೆಯಾಗಿ ಒಂದು ದಿನವಷ್ಟೇ ಕಳೆದಿತ್ತು. ಆ ತಲ್ಲಣದಲ್ಲಿ ಎಷ್ಟೋ ಜನ ಹೊಸ ಧಾರಾವಾಹಿಯನ್ನು ಗಮನಿಸಿರಲಿಕ್ಕಿಲ್ಲ ಎಂದು ಮುಂದಿನ ಶನಿವಾರ ಎರಡನೆಯ ಕಂತಿಗೆ ಮೊದಲು ಅದನ್ನೇ ಇನ್ನೊಮ್ಮೆ ತೋರಿಸಿದರು. ಮತ್ತೆ ನೋಡುವ ಪದ್ಧತಿ ಈ ಧಾರಾವಾಹಿಗೆ ಎರಡನೆಯ ವಾರದಲ್ಲೇ ಅಂಟಿಕೊಂಡಿತು ಎನ್ನಬಹುದು. 1989ರವರೆಗೆ 26 ಸರಣಿ, ಸುಮಾರು 700 ಕಂತು ಬಂದವು. 2005ರಲ್ಲಿ ಮತ್ತೆ ಶುರುವಾದ ಹೊಸ ಸರಣಿಗಳ ಸುದ್ದಿಗೆ ಇವತ್ತು ಹೋಗುವುದಿಲ್ಲ. ಆ ಹಳೆಯ 26ನ್ನು ಹೇಗೆ ನೋಡಬೇಕು ಎನ್ನುವುದಷ್ಟೇ ವಿಷಯ.

ಹೊಸದನ್ನು ಮೆಚ್ಚಿ ಹಳೆಯದಕ್ಕೆ ಕೈ ಹಾಕಿದವರ ಬಾಯಲ್ಲಿ ಎರಡು ದೂರು ಕೇಳಿಬರುತ್ತವೆ: ತುಂಬಾ ನಿಧಾನ, ಮತ್ತು ಸೆಟ್ಟು ಅಗ್ಗದ್ದು. ಮೊದಲ ದೂರಿನ ಬಹುಪಾಲು ನೋಡುವ ಕ್ರಮದಿಂದ ಹುಟ್ಟುತ್ತದೆ. ಹಳೆಯ ಕಂತು ಸಾಮಾನ್ಯವಾಗಿ 25 ನಿಮಿಷದ್ದು. ಒಂದು ಕಥೆಗೆ ನಾಲ್ಕು ಅಥವಾ ಆರು ಕಂತು, ಕೆಲವಕ್ಕೆ ಏಳು. 1969ರ ‘ದಿ ವಾರ್ ಗೇಮ್ಸ್’ಗೆ ಹತ್ತು. ಇವು ವಾರಕ್ಕೊಂದರಂತೆ ಮನೆಗೆ ಬರುತ್ತಿದ್ದವು. ವಾರಪತ್ರಿಕೆಯ ಧಾರಾವಾಹಿ ಕಾದಂಬರಿಯನ್ನು ಕಾದು ಓದಿದವರಿಗೆ ಈ ಲಯವನ್ನು ವಿವರಿಸಬೇಕಿಲ್ಲ. ಪ್ರತಿ ಕಂತೂ ಒಂದು ಅಪಾಯದ ಅಂಚಿನಲ್ಲಿ ನಿಲ್ಲುತ್ತದೆ, ಮುಂದಿನದು ಆ ಅಂಚನ್ನೇ ಮತ್ತೆ ತೋರಿಸಿ ಶುರುವಾಗುತ್ತದೆ, ನಡುವೆ ಯಾರೋ ಸೆರೆಯಾಗುತ್ತಾರೆ, ತಪ್ಪಿಸಿಕೊಳ್ಳುತ್ತಾರೆ. ವಾರದ ಅಂತರವಿದ್ದಾಗ ಇದು ನೆನಪಿಗೆ ಆಸರೆ. ಆರು ಕಂತನ್ನು ಒಂದೇ ರಾತ್ರಿ ಎರಡೂವರೆ ಗಂಟೆ ಕೂತು ನೋಡಿದರೆ ಅದೇ ಆಸರೆ ಕಾಲಿಗೆ ತೊಡರುತ್ತದೆ.

ಆದ್ದರಿಂದ ದಿನಕ್ಕೆ ಒಂದು ಕಂತು ಸಾಕು. ತೀರಾ ಆತುರವಿದ್ದರೆ ಎರಡು, ಅದಕ್ಕಿಂತ ಹೆಚ್ಚು ಬೇಡ. ಆರು ಕಂತಿನ ಕಥೆಗಳಲ್ಲಿ ಬರಹಗಾರರೇ ಒಂದು ಮಡಿಕೆ ಹಾಕಿರುವುದುಂಟು, ಅದನ್ನು ಹುಡುಕಿಕೊಳ್ಳಿ. 1976ರ ‘ದಿ ಸೀಡ್ಸ್ ಆಫ್ ಡೂಮ್’ನಲ್ಲಿ ಮೊದಲ ಎರಡು ಕಂತು ಅಂಟಾರ್ಕ್ಟಿಕಾದ ಹಿಮದಲ್ಲಿ ನಡೆದರೆ ಉಳಿದ ನಾಲ್ಕು ಇಂಗ್ಲೆಂಡಿನಲ್ಲಿ. ಎರಡಕ್ಕೆ ನಿಲ್ಲಿಸಿ ಒಂದು ದಿನ ಬಿಟ್ಟರೆ ಕಥೆ ಎರಡು ಪಟ್ಟು ದೊಡ್ಡದಾಗಿ ಕಾಣುತ್ತದೆ. ಕಂತುಗಳನ್ನು ಹೊಲಿದು ಒಂದೇ ಸಿನಿಮಾದಂತೆ ಮಾಡಿದ ಆವೃತ್ತಿಗಳನ್ನು ದೂರವಿಡಿ. ಎಂಬತ್ತರ ದಶಕದ ಮೊದಲ ವಿಎಚ್‌ಎಸ್ ಕ್ಯಾಸೆಟ್ಟುಗಳು ಹಾಗೇ ಬಂದಿದ್ದವು. ‘ದಿ ಬ್ರೇನ್ ಆಫ್ ಮಾರ್ಬಿಯಸ್’ ಎಂಬ ನಾಲ್ಕು ಕಂತಿನ ಕಥೆಯನ್ನು ಒಂದು ಗಂಟೆಯೊಳಗೆ ತುರುಕಿದ್ದರು. ಅಂಥದ್ದರಲ್ಲಿ ಘಟನೆಗಳು ಉಳಿಯುತ್ತವೆ, ಭಯ ಉಳಿಯುವುದಿಲ್ಲ. 2023ರಲ್ಲಿ ಬಂದ ಬಣ್ಣದ ‘ದಿ ಡಾಲೆಕ್ಸ್’ ಕೂಡ ಏಳು ಕಂತನ್ನು 75 ನಿಮಿಷಕ್ಕೆ ಇಳಿಸಿದ್ದು. ಹೊಸಬರನ್ನು ಸೆಳೆಯಲು ಒಳ್ಳೆಯದೇ, ಆದರೆ ಮೂಲದ ಜಾಗದಲ್ಲಿ ಅದನ್ನು ಕೂರಿಸಬೇಡಿ.

ಇನ್ನು ಪರದೆಯ ವಿಚಾರ. ಇದನ್ನು ಬಹಳ ಜನ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಹಳೆಯ ಕಂತುಗಳಲ್ಲಿ ಎರಡು ಬಗೆಯ ಚಿತ್ರಣ ಬೆರೆತಿದೆ. ಸ್ಟುಡಿಯೋದ ಒಳಗಿನದು ವಿಡಿಯೋ ಕ್ಯಾಮೆರಾದ್ದು, ಅದರಲ್ಲಿ ಸೆಕೆಂಡಿಗೆ 50 ಬಾರಿ ಚಲನೆ ದಾಖಲಾಗುತ್ತದೆ. ಹೊರಾಂಗಣ ಸಾಮಾನ್ಯವಾಗಿ 16 ಎಂಎಂ ಫಿಲ್ಮು, ಸೆಕೆಂಡಿಗೆ 25 ಚೌಕಟ್ಟು. ಒಳಗಿನ ಚಲನೆ ರಂಗದ ಮೇಲಿನಂತೆ ನುಣುಪು, ಹೊರಗಿನದು ಸಿನಿಮಾದಂತೆ. ನಿಮ್ಮ ಡಿಸ್ಕು, ಪ್ಲೇಯರ್ ಅಥವಾ ಸ್ಟ್ರೀಮಿಂಗ್ ಸೇವೆ ಆ 50ನ್ನು 25ಕ್ಕೆ ಇಳಿಸಿಬಿಟ್ಟರೆ ಸ್ಟುಡಿಯೋ ದೃಶ್ಯಗಳ ಜೀವವೇ ಹೋಗುತ್ತದೆ. ಪರೀಕ್ಷೆ ಸುಲಭ. ಎಪ್ಪತ್ತರ ದಶಕದ ಯಾವುದಾದರೂ ಕಥೆಯಲ್ಲಿ ಪಾತ್ರವೊಂದು ಕೋಣೆಯಿಂದ ಬಯಲಿಗೆ ಕಾಲಿಡುವ ಜಾಗ ಹುಡುಕಿ, ಬೀಸುವ ಕೈಯನ್ನು ಗಮನಿಸಿ. ಒಳಗೂ ಹೊರಗೂ ಚಲನೆ ಒಂದೇ ತೆರನಾಗಿ ಕಂಡರೆ ಎಲ್ಲೋ ಅರ್ಧ ಚಲನೆ ಕಳೆದುಹೋಗಿದೆ ಎಂದು ತಿಳಿಯಿರಿ.

ಹಾಗೆ ಕಂಡಾಗ ಪ್ಲೇಯರಿನ ಔಟ್‌ಪುಟ್ 50 ಹರ್ಟ್ಜ್‌ಗೆ ಇದೆಯೇ ನೋಡಿ. ಕಂಪ್ಯೂಟರಿನಲ್ಲಾದರೆ ಡಿಇಂಟರ್‌ಲೇಸ್ ಆಯ್ಕೆಯಲ್ಲಿ ಪ್ರತಿ ಫೀಲ್ಡನ್ನೂ, ಅಂದರೆ ಆ 50 ದಾಖಲೆಗಳಲ್ಲಿ ಪ್ರತಿಯೊಂದನ್ನೂ, ಒಂದು ಪೂರ್ಣ ಚೌಕಟ್ಟಾಗಿಸುವ ಕ್ರಮವನ್ನು ಆಯ್ದುಕೊಳ್ಳಿ. ಟಿವಿಯಲ್ಲಿ ಚಲನೆಯನ್ನು ನುಣುಪಾಗಿಸುವ ಸೌಲಭ್ಯವಿದ್ದರೆ ಅದನ್ನು ಆಫ್ ಮಾಡಿಬಿಡಿ, ಏಕೆಂದರೆ ಅದು ಫಿಲ್ಮಿನ ಭಾಗಗಳನ್ನೂ ವಿಡಿಯೋದಂತೆ ಮಾಡಿ ಎರಡರ ನಡುವಿನ ಭೇದವನ್ನು ಅಳಿಸುತ್ತದೆ. ಚಿತ್ರದ ಅಳತೆ 4:3. ಅಗಲ ಪರದೆಗೆ ಹಿಗ್ಗಿಸಿದರೆ ಮುಖಗಳು ಉಬ್ಬುತ್ತವೆ, ಹಿಗ್ಗಿಸದೆ ಕತ್ತರಿಸಿದರೆ ನೆತ್ತಿ ಹಾರುತ್ತದೆ. ಪಕ್ಕದ ಕಪ್ಪು ಪಟ್ಟಿಗಳು ಇರಲಿ. ಭಾರತದ ಟಿವಿಯೂ ಬ್ರಿಟನ್ನಿನಂತೆ 625 ಗೆರೆ, 50 ಫೀಲ್ಡಿನ ಪಾಲ್ ಪದ್ಧತಿಯದ್ದೇ ಆದ್ದರಿಂದ ಇಲ್ಲಿ ತೊಡಕು ಕಡಿಮೆ. ಅಮೆರಿಕದಲ್ಲಿರುವ ಕನ್ನಡಿಗರು 60ಕ್ಕೆ ಪರಿವರ್ತಿಸಿದ ಡಿವಿಡಿಗಳಲ್ಲಿ ಒಂದು ಬಗೆಯ ತಡವರಿಕೆ ಕಾಣಬಹುದು, ಅದು ಪರಿವರ್ತನೆಯ ದೋಷ. ಬ್ರಿಟನ್ನಿನ ಡಿವಿಡಿ ತರಿಸುವುದಾದರೆ ಅದು 2ನೇ ವಲಯದ್ದು, ಭಾರತ 5ನೇ ವಲಯ ಎಂಬುದು ನೆನಪಿರಲಿ. ಬೇರೆ ವಲಯದ ಡಿಸ್ಕನ್ನು ಎಲ್ಲ ಪ್ಲೇಯರುಗಳೂ ಓಡಿಸುವುದಿಲ್ಲ, ನಿಮ್ಮದು ಓಡಿಸುತ್ತದೆಯೇ ಎಂದು ಕೊಳ್ಳುವ ಮೊದಲೇ ವಿಚಾರಿಸಿಕೊಳ್ಳಿ.

ಈ ಎರಡು ಬಗೆಯ ಚಿತ್ರಣಕ್ಕೆ ಅಪವಾದಗಳಿವೆ, ಅವುಗಳ ಕಾರಣ ಸ್ವಾರಸ್ಯವಾಗಿದೆ. 1970ರ ‘ಸ್ಪಿಯರ್‌ಹೆಡ್ ಫ್ರಮ್ ಸ್ಪೇಸ್’ ಈ ಧಾರಾವಾಹಿಯ ಮೊದಲ ಬಣ್ಣದ ಕಥೆ. ಮುಷ್ಕರದಿಂದಾಗಿ ಸ್ಟುಡಿಯೋ ಸಿಗದೆ ಅದನ್ನು ಪೂರ್ತಿ 16 ಎಂಎಂ ಫಿಲ್ಮಿನಲ್ಲೇ ತೆಗೆದರು. ಇದರಿಂದಾಗಿ ಹಳೆಯ ಕಥೆಗಳಲ್ಲಿ ಅದೊಂದಕ್ಕೆ ನಿಜವಾದ ಹೈ ಡೆಫಿನಿಷನ್ ಸ್ಪಷ್ಟತೆ ಸಾಧ್ಯವಾಯಿತು. ಉಳಿದವು ಬ್ಲೂ ರೇ ಡಿಸ್ಕಿನಲ್ಲಿ ಬಂದಿದ್ದರೂ ಸ್ಟುಡಿಯೋ ಭಾಗ ಟೇಪಿನಿಂದ ಹಿಗ್ಗಿಸಿದ್ದೇ. ಇನ್ನೊಂದು ‘ರೋಬಾಟ್’. 1974ರ ಡಿಸೆಂಬರ್ 28ರಿಂದ ಪ್ರಸಾರವಾದ, ಡಾಕ್ಟರ್ ಪಾತ್ರದಲ್ಲಿ ಟಾಮ್ ಬೇಕರ್ ಅವರ ಮೊದಲ ಕಥೆ. ಇದರಲ್ಲಿ ಹೊರಾಂಗಣವನ್ನೂ ವಿಡಿಯೋದಲ್ಲೇ ಹಿಡಿದರು. ಬಣ್ಣದ ಹಿನ್ನೆಲೆಯ ಮುಂದೆ ಪಾತ್ರವನ್ನು ನಿಲ್ಲಿಸಿ, ಆ ಬಣ್ಣವಿದ್ದಲ್ಲೆಲ್ಲ ಬೇರೆ ಚಿತ್ರ ತುಂಬುವ ತಂತ್ರ ಆ ಕಥೆಗೆ ಹೇರಳವಾಗಿ ಬೇಕಿತ್ತು. ಎರಡೂ ಚಿತ್ರ ಒಂದೇ ಜಾತಿಯದಾದರೆ ಹೊಂದಿಕೆ ಚೆನ್ನ. ಆದರೂ ಪಟ್ಟು ತಪ್ಪಿದ್ದು ಇನ್ನೊಂದು ಕಡೆ: ರೋಬಾಟಿನ ಬೆಳ್ಳಿಮೈ ಹಿನ್ನೆಲೆಯ ಬಣ್ಣವನ್ನು ಪ್ರತಿಫಲಿಸಿತು, ಯಂತ್ರ ಅದನ್ನೂ ಹಿನ್ನೆಲೆಯೆಂದೇ ಬಗೆಯಿತು, ಮೈಯ ತುಣುಕುಗಳು ಮಾಯವಾದವು.

ಕೂದಲಿನ ಸುತ್ತ ಕಾಣುವ ಬಣ್ಣದ ಅಂಚೂ ಇದೇ ತಂತ್ರದ್ದು. ಆ ಕಾಲದ ವಿಡಿಯೋದಲ್ಲಿ ಬಣ್ಣದ ಸೂಕ್ಷ್ಮತೆ ಬೆಳಕಿನ ಸೂಕ್ಷ್ಮತೆಗಿಂತ ಬಹಳ ಕಡಿಮೆ, ಹೀಗಾಗಿ ಬಣ್ಣ ನೋಡಿ ಕತ್ತರಿಸಿದ ಅಂಚು ಒರಟಾಗುತ್ತಿತ್ತು. ಅರವತ್ತರ ದಶಕದಲ್ಲಿ ಮೊದಲ ಡಾಕ್ಟರ್ ಆಗಿದ್ದ ವಿಲಿಯಂ ಹಾರ್ಟ್ನೆಲ್ ಮಾತು ತಡವರಿಸಿದ ಜಾಗಗಳು ಹಾಗೇ ಉಳಿದಿವೆಯಲ್ಲ, ಅದಕ್ಕೂ ಕಾರಣ ಇದೆ. ಎರಡಿಂಚು ಅಗಲದ ಟೇಪನ್ನು ಸಂಕಲಿಸಬೇಕೆಂದರೆ ಬ್ಲೇಡಿನಿಂದ ಕತ್ತರಿಸಬೇಕಿತ್ತು. ಕತ್ತರಿಸಿದ ಟೇಪು ಮರುಬಳಕೆಗೆ ಒದಗುವುದು ಕಷ್ಟ, ಟೇಪಿನ ಬೆಲೆಯೋ ವಿಪರೀತ. ಹಾಗಾಗಿ ವಾರವಿಡೀ ತಾಲೀಮು ಮಾಡಿ, ಒಂದು ಸಂಜೆ ಹೆಚ್ಚುಕಡಿಮೆ ನಾಟಕದಂತೆ ಒಂದೇ ಓಟದಲ್ಲಿ ಇಡೀ ಕಂತನ್ನು ಮುಗಿಸುತ್ತಿದ್ದರು. ನಮ್ಮ ಕಂಪನಿ ನಾಟಕದ ಪ್ರೇಕ್ಷಕ ಬಣ್ಣ ಬಳಿದ ಪರದೆಯನ್ನೇ ಕಾಡೆಂದು ಒಪ್ಪಿ ನಟನ ದನಿಗೆ ಕಿವಿಗೊಡುತ್ತಿದ್ದ. ಆ ಒಪ್ಪಂದವನ್ನು ಇಲ್ಲಿಗೂ ತನ್ನಿ. 1975ರ ‘ದಿ ಆರ್ಕ್ ಇನ್ ಸ್ಪೇಸ್’ನಲ್ಲಿ ಮನುಷ್ಯನೊಬ್ಬನ ಕೈ ಕೀಟವಾಗುತ್ತಾ ಹೋಗುತ್ತದೆ. ಆ ಕೈಗೆ ಸುತ್ತಿರುವುದು ಹಸಿರು ಬಣ್ಣ ಹಚ್ಚಿದ ಗುಳ್ಳೆ ಪ್ಲಾಸ್ಟಿಕ್ಕು. ಇಂದು ಅದನ್ನು ಯಾರು ಬೇಕಾದರೂ ಗುರುತಿಸುತ್ತಾರೆ. ಆದರೆ ಆ ಕೈಯನ್ನು ಜೇಬಿನಲ್ಲಿ ಅಡಗಿಸಿಕೊಂಡು ತನ್ನೊಳಗಿನ ಇನ್ನೊಂದು ದನಿಯೊಡನೆ ಹೆಣಗುವ ನಟನ ಮುಖ ನೋಡಿ. ಭಯ ಅಲ್ಲಿದೆ.

ಎಲ್ಲಿಂದ ಶುರುಮಾಡಬೇಕು? 1963ರಿಂದ ಕ್ರಮವಾಗಿ ಬರಬೇಡಿ, ದಾರಿಯಲ್ಲೇ ದಣಿಯುತ್ತೀರಿ. ‘ದಿ ಆರ್ಕ್ ಇನ್ ಸ್ಪೇಸ್’ ಮೊದಲು. ಆಮೇಲೆ ಪ್ಯಾರಿಸ್ಸಿನಲ್ಲಿ ಚಿತ್ರೀಕರಿಸಿದ 1979ರ ‘ಸಿಟಿ ಆಫ್ ಡೆತ್’. ನಂತರ 1984ರ ‘ದಿ ಕೇವ್ಸ್ ಆಫ್ ಆಂಡ್ರೋಜಾನಿ’. ಮೂರೂ ನಾಲ್ಕು ಕಂತಿನವು. ಅಲ್ಲಿಗೆ ನಿಮ್ಮ ಕಣ್ಣು ಪಳಗಿರುತ್ತದೆ, ಆಗ ‘ಕಿಂಡಾ’ಕ್ಕೆ ಬನ್ನಿ.

ಕ್ರಿಸ್ಟಫರ್ ಬೇಲಿ ಬರೆದು, ಪೀಟರ್ ಗ್ರಿಮ್‌ವೇಡ್ ನಿರ್ದೇಶಿಸಿದ ‘ಕಿಂಡಾ’ 1982ರ ಫೆಬ್ರವರಿ 1, 2, 8, 9ರಂದು ಪ್ರಸಾರವಾಯಿತು. ಆ ವರ್ಷ ಧಾರಾವಾಹಿ ಶನಿವಾರ ಬಿಟ್ಟು ಸೋಮವಾರ, ಮಂಗಳವಾರಕ್ಕೆ ಹೋಗಿತ್ತು. ಕಥೆ ನಡೆಯುವ ಗ್ರಹದ ಹೆಸರು ದೇವಲೋಕ. ಅಲ್ಲಿನ ಮುದುಕಿ ಪನ್ನಾ, ಅಂದರೆ ಪಾಲಿಯ ಪಞ್ಞಾ, ನಮ್ಮ ಪ್ರಜ್ಞೆ. ಅವಳ ಜೊತೆಗಿರುವ ಹುಡುಗಿ ಕರುಣಾ. ಡಾಕ್ಟರನ ಸಂಗಾತಿ ಟೀಗನ್ ನಿದ್ದೆಹೋದಾಗ ಕನಸಿನ ಕತ್ತಲಲ್ಲಿ ಅವಳನ್ನು ಕಾಡುವವರ ಹೆಸರು ದುಕ್ಖ, ಅನಿಚ್ಚ, ಅನತ್ತ: ಬೌದ್ಧರು ಹೇಳುವ ಮೂರು ಲಕ್ಷಣಗಳು. ಅವಳ ಮೈ ಹೊಕ್ಕುವ ಹಾವು ಮಾರ. ಮೂಲನಿವಾಸಿಗಳ ಪೆಟ್ಟಿಗೆಗೆ ಝಾನದ ಪೆಟ್ಟಿಗೆ ಎಂದು ಹೆಸರು. ಝಾನ ಎಂದರೆ ಧ್ಯಾನ. ಇಂಗ್ಲಿಷ್ ಪ್ರೇಕ್ಷಕರಿಗೆ ಇವು ಬರೀ ವಿಚಿತ್ರ ಶಬ್ದಗಳಾಗಿ ಕೇಳಿದ್ದಿರಬೇಕು. ಕನ್ನಡ ಕಿವಿಗೆ ಹೆಸರಿನಲ್ಲೇ ಪಾತ್ರದ ಕೆಲಸ ತಿಳಿದುಬಿಡುತ್ತದೆ. ಪನ್ನಾ ಸತ್ತಾಗ ಅವಳ ಅರಿವು ಕರುಣಾಳಿಗೆ ದಾಟುವ ದೃಶ್ಯವನ್ನು ಈ ಅರ್ಥ ಹಿಡಿದು ನೋಡಿದರೆ ಅದು ಕಥೆಯ ತಿರುವಷ್ಟೇ ಆಗಿ ಉಳಿಯುವುದಿಲ್ಲ.

ಮಾರನನ್ನು ಕಡೆಗೆ ಕನ್ನಡಿಗಳ ವರ್ತುಲದಲ್ಲಿ ಸಿಕ್ಕಿಸುತ್ತಾರೆ. ಕೆಡುಕು ತನ್ನ ಮುಖವನ್ನು ತಾನು ನೋಡಲಾರದು ಎಂಬುದು ತರ್ಕ. ಇಷ್ಟು ಗಟ್ಟಿಯಾದ ಕಲ್ಪನೆ ಹೊತ್ತ ಆ ಗಳಿಗೆಯಲ್ಲಿ ಪರದೆಯ ಮೇಲೆ ಬರುವುದು ಗಾಳಿಯೂದಿದ ರಬ್ಬರಿನಂಥ ಹಾವು. 2011ರ ಡಿವಿಡಿಯಲ್ಲಿ ಅದರ ಬದಲು ಕಂಪ್ಯೂಟರ್ ಹಾವನ್ನು ತೋರಿಸುವ ಆಯ್ಕೆ ಇಟ್ಟಿದ್ದಾರೆ. ಮೊದಲ ಸಲ ಹೊಸ ಹಾವಿನ ಜೊತೆ ನೋಡಿ, ಲಯ ಕೆಡುವುದಿಲ್ಲ. ಎರಡನೆಯ ಸಲ ಹಳೆಯದರ ಜೊತೆ. ಸ್ಟುಡಿಯೋದ ನೆಲದ ಮೇಲೆ ಎಲೆ ಹರಡಿ ಮಾಡಿದ ಆ ಕಾಡಿಗೆ ಹಳೆಯ ಹಾವೇ ಹೆಚ್ಚು ಹೊಂದುತ್ತದೆ ಎಂಬುದು ನನ್ನ ಅಭಿಪ್ರಾಯ. ಆ ಕಾಡು ಅಷ್ಟು ಬೆಳ್ಳಗೆ ಬೆಳಗಿರುವುದಕ್ಕೆ ಕಾರಣ ಆಗಿನ ಕೊಳವೆ ಕ್ಯಾಮೆರಾಗಳು. ಅವಕ್ಕೆ ಬೆಳಕು ಧಾರಾಳವಾಗಿ ಬೇಕಿತ್ತು, ಜೊತೆಗೆ ಹಲವು ಕ್ಯಾಮೆರಾ ಒಟ್ಟಿಗೆ ಓಡುವಾಗ ನೆರಳನ್ನು ಒಂದೇ ಕೋನಕ್ಕೆ ಹೊಂದಿಸಲಾಗದು.

ಇಷ್ಟರ ನಂತರ ಕಪ್ಪುಬಿಳುಪಿಗೆ ಹೋಗಬಹುದು. ಅಲ್ಲಿ ಎದುರಾಗುವುದು ಕಾಣೆಯಾದ ಕಂತುಗಳು. ಅರವತ್ತರ ದಶಕದಲ್ಲಿ 253 ಕಂತು ತಯಾರಾದವು. ಮರುಪ್ರಸಾರದ ಹಕ್ಕು ಸೀಮಿತವಾಗಿತ್ತು, ಟೇಪು ದುಬಾರಿಯಾಗಿತ್ತು, ಆದ್ದರಿಂದ ಅಳಿಸಿ ಬೇರೆ ಕಾರ್ಯಕ್ರಮಕ್ಕೆ ಬಳಸಿದರು. ಉಳಿದದ್ದು ವಿದೇಶಕ್ಕೆ ಮಾರಲು ಮಾನಿಟರಿನ ಎದುರು ಕ್ಯಾಮೆರಾ ಇಟ್ಟು ತೆಗೆದ 16 ಎಂಎಂ ಪ್ರತಿಗಳು. ಅವನ್ನೂ ಎಪ್ಪತ್ತರ ದಶಕದಲ್ಲಿ ಎಸೆಯಲಾಯಿತು. 1978ರ ಹೊತ್ತಿಗೆ ಅದು ನಿಂತಿತು. 2013ರಲ್ಲಿ ಫಿಲಿಪ್ ಮಾರಿಸ್ ನೈಜೀರಿಯಾದಲ್ಲಿ ಹುಡುಕಿ ತಂದ ಒಂಬತ್ತು ಕಂತು ಸೇರಿ ನಷ್ಟದ ಲೆಕ್ಕ 106ರಿಂದ 97ಕ್ಕೆ ಇಳಿಯಿತು. ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ದ ಪ್ರತಿಯನ್ನೇ ಕಳೆದುಕೊಂಡ ನಮಗೆ ಈ ಸಂಕಟ ಹೊಸದಲ್ಲ. ಆದರೆ ಅವರಿಗೆ ಒಂದು ಭಾಗ್ಯ ಉಳಿದಿದೆ: ಮನೆಮನೆಯಲ್ಲಿ ಅಭಿಮಾನಿಗಳು ಟಿವಿಯ ಮುಂದೆ ಟೇಪ್ ರೆಕಾರ್ಡರ್ ಇಟ್ಟಿದ್ದರಿಂದ ಪ್ರತಿಯೊಂದು ಕಂತಿನ ಧ್ವನಿಯೂ ಸಿಕ್ಕಿದೆ. ಆಸ್ಟ್ರೇಲಿಯಾದ ಸೆನ್ಸಾರು ಮಕ್ಕಳಿಗೆ ಭಯವಾದೀತೆಂದು ಕತ್ತರಿಸಿದ ತುಣುಕುಗಳು ಅಲ್ಲಿನ ಕಡತಗಳ ಜೊತೆ 1996ರಲ್ಲಿ ಸಿಕ್ಕವು. ಹೀಗೆ ಕೆಲವು ಕಂತುಗಳಲ್ಲಿ ಉಳಿದಿರುವುದು ಅತ್ಯಂತ ಭಯಾನಕ ಕ್ಷಣಗಳು ಮಾತ್ರ.

ಉಳಿದ ಫಿಲ್ಮು ಪ್ರತಿಗಳಲ್ಲಿ 50ರ ಚಲನೆ ಹೋಗಿ 25 ಆಗಿತ್ತು. ವಿಡ್‌ಫೈರ್ ಎಂಬ ಕ್ರಮದಿಂದ ಡಿಸ್ಕುಗಳಲ್ಲಿ ಅದನ್ನು ಮತ್ತೆ ಕಟ್ಟಿದ್ದಾರೆ. ಆದ್ದರಿಂದ ಕಪ್ಪುಬಿಳುಪಿಗೂ ಮೇಲೆ ಹೇಳಿದ ಹೊಂದಾಣಿಕೆ ಬೇಕೇ ಬೇಕು.

ಕಾಣೆಯಾದವುಗಳಲ್ಲಿ ಮೊದಲು ಕೈಗೆತ್ತಿಕೊಳ್ಳಬೇಕಾದದ್ದು 1964ರ ‘ಮಾರ್ಕೊ ಪೋಲೊ’. ಏಳು ಕಂತು, ಒಂದೂ ಉಳಿದಿಲ್ಲ. ನಿರ್ದೇಶಕ ವಾರಿಸ್ ಹುಸೇನ್ 1938ರಲ್ಲಿ ಲಖನೌದಲ್ಲಿ ಹುಟ್ಟಿದವರು. ಧಾರಾವಾಹಿಯ ಮೊಟ್ಟಮೊದಲ ಕಥೆಯನ್ನು ನಿರ್ದೇಶಿಸಿದವರೂ ಅವರೇ. ಡಾಕ್ಟರನ ಸಂಗಾತಿ ಇಯಾನ್ ಪಾತ್ರ ಮಾಡಿದ ವಿಲಿಯಂ ರಸೆಲ್ ನಿರೂಪಣೆಯೊಂದಿಗೆ ಇದರ ಧ್ವನಿ 2003ರಲ್ಲಿ ಸಿಡಿಯಾಗಿ ಬಂದಿದೆ. ಆ ಕಾಲದಲ್ಲಿ ಜಾನ್ ಕ್ಯೂರ ಎಂಬವರು ಪ್ರಸಾರವಾಗುತ್ತಿದ್ದಂತೆ ಟಿವಿ ಪರದೆಯ ಸ್ಥಿರಚಿತ್ರ ತೆಗೆದು ನಿರ್ದೇಶಕರಿಗೆ ಮಾರುತ್ತಿದ್ದರು. ಹುಸೇನ್ ತಮ್ಮವನ್ನು ಜೋಪಾನವಾಗಿ ಇಟ್ಟುಕೊಂಡಿದ್ದರಿಂದ ಆರು ಕಂತಿನ ಚಿತ್ರಗಳು ನಮಗೆ ದೊರೆತಿವೆ. ಚಿತ್ರಗಳನ್ನು ಪಕ್ಕದಲ್ಲಿಟ್ಟುಕೊಂಡು ದಿನಕ್ಕೆ ಒಂದು ಕಂತು ಕೇಳಿ, ಇಯರ್‌ಫೋನ್ ಇದ್ದರೆ ಒಳ್ಳೆಯದು. ನಾಲ್ಕನೆಯ ಕಂತನ್ನು ಜಾನ್ ಕ್ರಾಕೆಟ್ ನಿರ್ದೇಶಿಸಿದ್ದರು, ಅದರ ಚಿತ್ರಗಳಿಲ್ಲ. ಆ ದಿನ ದೀಪ ತಗ್ಗಿಸಿ ಧ್ವನಿಯನ್ನಷ್ಟೇ ಕೇಳಿ. ಐದನೆಯದಕ್ಕೆ ಚಿತ್ರಗಳು ಮತ್ತೆ ಬರುತ್ತವೆ.